ಇಖ್ಲಾಸ್: ಖ್ವಾಜಾ ಬಂದೇ ನವಾಜರ ಜೀವನದ ಪಾಠ



ಜನರು ಮೆಚ್ಚಲೆಂದು ಮಾಡುವ ಸತ್ಕರ್ಮ ‘ರಿಯಾ’. ಅಲ್ಲಾಹನ ಸಂತೃಪ್ತಿಗಾಗಿ ಮಾತ್ರ ಮಾಡುವುದು ‘ಇಖ್ಲಾಸ್’. ಇಖ್ಲಾಸ್‌ಗೆ ನಮ್ಮ ಕರ್ನಾಟಕದ ಇತಿಹಾಸದಲ್ಲೇ ಉತ್ತಮ ನಿದರ್ಶನವಿದೆ.

ಹಜರತ್ ಖ್ವಾಜಾ ಬಂದೇ ನವಾಜ್ ಗೇಸುದರಾಜ್ (ರಹ್ಮತುಲ್ಲಾಹಿ ಅಲೈಹಿ) 1321ರಲ್ಲಿ ದೆಹಲಿಯಲ್ಲಿ ಜನಿಸಿದರು. ಹಜರತ್ ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರಾದರು. 1398ರಲ್ಲಿ ತೈಮೂರನ ದಾಳಿಯ ಸಮಯದಲ್ಲಿ ದೆಹಲಿ ತೊರೆದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮುಂದೆ ಕಲಬುರಗಿಗೆ ಬಂದಾಗ ಬಹಮನಿ ಸುಲ್ತಾನ ಫಿರೋಜ್ ಷಾ ಅವರನ್ನು ಆದರದಿಂದ ಬರಮಾಡಿಕೊಂಡನು.

ಆ ಆದರ ಬಹುಕಾಲ ಉಳಿಯಲಿಲ್ಲ. ಇತಿಹಾಸಕಾರ ಫಿರಿಶ್ತಾ ಹೇಳುವಂತೆ, ಸುಲ್ತಾನನು ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿಯಾಗಿ ಹರಸಬೇಕೆಂದು ಖ್ವಾಜಾ ಅವರನ್ನು ಕೋರಿದನು. ಸಿಂಹಾಸನವನ್ನು ಅಲ್ಲಾಹನು ಸುಲ್ತಾನನ ತಮ್ಮ ಅಹ್ಮದನಿಗೆ ನಿಶ್ಚಯಿಸಿದ್ದಾನೆಂದು ಹೇಳಿ ಅವರು ಒಪ್ಪಲಿಲ್ಲ. ಕೋಟೆಯ ಬಳಿ ಜನಸಂದಣಿ ಹೆಚ್ಚಿತೆಂಬ ಕಾರಣ ಕೊಟ್ಟು, ಖಾನ್‌ಖಾಹನ್ನು ಬೇರೆಡೆಗೆ ಸಾಗಿಸಲು ಆಜ್ಞೆಯಾಯಿತು. ಅವರು ರಾಜನ ಮನವೊಲಿಸಲು ಮಾತು ಬದಲಿಸಲಿಲ್ಲ, ಸ್ಥಳವನ್ನೇ ಬದಲಿಸಿದರು. 1422ರಲ್ಲಿ ಫಿರೋಜ್ ಷಾನ ಆಳ್ವಿಕೆ ಮುಗಿದು ಅಹ್ಮದ್ ಷಾ ಪಟ್ಟಕ್ಕೆ ಬಂದನು. ಅದೇ ವರ್ಷ ಖ್ವಾಜಾ ಅವರು ವಫಾತ್ ಆದರು. ಅವರ ದರ್ಗಾ ಇಂದಿಗೂ ಸಕಲ ಧರ್ಮೀಯರ ಶ್ರದ್ಧಾಕೇಂದ್ರ.

ಅಂತರಸನಹಳ್ಳಿಯ ನಮಗೆ ಯಾವ ಸುಲ್ತಾನನೂ ಎದುರಾಗುವುದಿಲ್ಲ. ಆದರೆ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಬೆನ್ನು ತಿರುಗಿಸುವ ಕ್ಷಣ ಬರುತ್ತದೆ. ಸಂಘಕ್ಕೆ ಕೊಟ್ಟ ದೇಣಿಗೆಯನ್ನು ಸಭೆಯಲ್ಲಿ ಹೆಸರು ಹೇಳದೆ ಬಿಡುವ ದಿನವೂ ಬರುತ್ತದೆ. ನಮ್ಮ ಇಖ್ಲಾಸ್ ಎಷ್ಟೆಂದು ನಮಗೆ ತಿಳಿಯುವುದು ಆಗಲೇ.

ಅಲ್ಲಾಹನು ನಮ್ಮ ನಿಯ್ಯತ್ತನ್ನು ಶುದ್ಧಗೊಳಿಸಲಿ. ಆಮೀನ್.