ಸೀಮೆಎಣ್ಣೆಯ ಸಾಹುಕಾರ

ಹೊರಗಿನಿಂದ ಬಂದದ್ದಕ್ಕೆ ‘ಸೀಮೆ’ ಅಂತ ಸೇರಿಸುವುದು ನಮ್ಮಲ್ಲಿ ರೂಢಿ ನೋಡಿ. ಸೀಮೆಸುಣ್ಣ, ಸೀಮೆಬದನೆ, ಸೀಮೆಎಣ್ಣೆ. ಆ ಸೀಮೆಎಣ್ಣೆ ಮಾರಿಯೇ ಕುಬೇರನಾದವನು ಅಮೆರಿಕದ ಜಾನ್ ಡಿ. ರಾಕ್‌ಫೆಲ್ಲರ್. ಕೆಲವರಿಗೆ ಮಹಾದಾನಿ, ಕೆಲವರಿಗೆ ಹಗಲುದರೋಡೆಕೋರ. ನನಗೆ ಮಾತ್ರ ಅವನ ವಿಷಯ ಬಂದಾಗಲೆಲ್ಲ ನೆನಪಾಗುವುದು 1872ರ ಆರು ವಾರಗಳು.

ಹಿನ್ನೆಲೆ ಚುಟುಕಾಗಿ ಹೇಳಿಬಿಡ್ತೀನಿ. ಹುಟ್ಟಿದ್ದು 1839ರಲ್ಲಿ. ಅಪ್ಪ ಊರೂರು ಅಲೆದು ಬಾಟಲಿ ಔಷಧಿ ಮಾರುತ್ತಿದ್ದ ಆಸಾಮಿ. ಮಗ 16ನೇ ವಯಸ್ಸಿಗೇ ಕ್ಲೀವ್‌ಲ್ಯಾಂಡಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನಾದ. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆ ಬಾವಿ ಕೊರೆದರು. 1863ರಲ್ಲಿ ಇವನು ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗೆ ಕೈಹಾಕಿದ, 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದ. ಜುಗ್ಗತನ ಎಷ್ಟೆಂದರೆ, ಡಬ್ಬ ಬೆಸೆಯಲು 40 ಹನಿ ಬೆಸುಗೆ ಯಾಕೆ, 38 ಸಾಲದೇ ಅಂತ ಕೇಳಿದನಂತೆ. 38ಕ್ಕೆ ಕೆಲವು ಡಬ್ಬ ಸೋರಿದವು, 39ಕ್ಕೆ ನಿಲ್ಲಿಸಿದರು!

ಇಷ್ಟೇ ಆಗಿದ್ದರೆ ಜಾಣ ವ್ಯಾಪಾರಿ ಅಂದು ಸುಮ್ಮನಾಗಬಹುದಿತ್ತು. ಆದರೆ 1872ರಲ್ಲಿ ರೈಲು ಕಂಪನಿಗಳ ಜೊತೆ ಗುಟ್ಟಾಗಿ ಒಂದು ಒಪ್ಪಂದ ಆಯಿತು. ಕಚ್ಚಾ ಎಣ್ಣೆಯನ್ನು ಕ್ಲೀವ್‌ಲ್ಯಾಂಡಿಗೆ ತರಲು ಇವನಿಗೆ ಪೀಪಾಯಿಗೆ 40 ಸೆಂಟ್ ರಿಯಾಯಿತಿ. ಅದು ಹೋಗಲಿ, ಎದುರಾಳಿ ತರಿಸುವ ಪ್ರತಿ ಪೀಪಾಯಿಯ ಬಾಡಿಗೆಯಲ್ಲೂ 40 ಸೆಂಟ್ ಇವನ ಜೇಬಿಗೆ! ಪಕ್ಕದ ಅಂಗಡಿಯವನು ಕೊಟ್ಟ ಲಾರಿ ಬಾಡಿಗೆಯಲ್ಲಿ ನಿಮಗೆ ಪಾಲು ಬಂದ ಹಾಗೆ. ಸುದ್ದಿ ಹೊರಬಿದ್ದು ಎಣ್ಣೆ ಸೀಮೆಯಲ್ಲಿ ದೊಂಬಿಯೇ ಎದ್ದಿತು, ಒಪ್ಪಂದ ಜಾರಿಗೆ ಬರುವ ಮೊದಲೇ ಸತ್ತಿತು. ಅಷ್ಟರಲ್ಲಿ ಅದರ ಹೆದರಿಕೆಯೇ ಕೆಲಸ ಮಾಡಿಯಾಗಿತ್ತು. ಕ್ಲೀವ್‌ಲ್ಯಾಂಡಿನ 26 ಎದುರಾಳಿಗಳಲ್ಲಿ 22 ಮಂದಿ ಮಾರಿಕೊಂಡಿದ್ದರು.

ಆ ಗಲಾಟೆಯನ್ನು ಕಂಡ 14 ವರ್ಷದ ಹುಡುಗಿಯೊಬ್ಬಳಿದ್ದಳು, ಐಡಾ ಟಾರ್ಬೆಲ್. ಅವಳಪ್ಪನದೂ ಎಣ್ಣೆಯದೇ ಕಸುಬು. ಮೂವತ್ತು ವರ್ಷ ಕಳೆದು, 1902ರಿಂದ 1904ರವರೆಗೆ, ‘ಮೆಕ್ಲೂರ್ಸ್’ ಪತ್ರಿಕೆಯಲ್ಲಿ 19 ಕಂತು ಬರೆದು ಕಂಪನಿಯ ಕಥೆಯನ್ನೆಲ್ಲ ಬಿಚ್ಚಿಟ್ಟಳು.

ಅವನ ಪರ ವಾದಿಸುವವರು ಬೆಲೆ ತೋರಿಸ್ತಾರೆ. 1870ರಲ್ಲಿ ಗ್ಯಾಲನ್ನಿಗೆ 26 ಸೆಂಟಿನಷ್ಟಿದ್ದ ಸೀಮೆಎಣ್ಣೆ 1885ರ ಹೊತ್ತಿಗೆ 8 ಸೆಂಟಿನ ಆಸುಪಾಸಿಗೆ ಇಳಿದಿತ್ತು, ಬಡವರ ಮನೆಗೂ ದೀಪ ಬಂತು ಅಂತ. ನಿಜವೇ. ಆದರೆ ಕಚ್ಚಾ ಎಣ್ಣೆಯ ಬೆಲೆಯೂ ಇಳಿದಿತ್ತಲ್ಲ? 39 ಹನಿಯ ಲೆಕ್ಕದಿಂದ ಗೆದ್ದದ್ದು ಬೇರೆ, ಎದುರಾಳಿಯ ಬಾಡಿಗೆ ಕದ್ದು ಗೆಲ್ಲಲು ಹೊರಟದ್ದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ.

1911ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯನ್ನು ಒಡೆಯಿತು. 34 ತುಂಡುಗಳಾದವು. ತಮಾಷೆ ಕೇಳಿ: ತುಂಡುಗಳ ಷೇರು ಬೆಲೆ ಏರಿ, ಶಿಕ್ಷೆಯಾದವನೇ ಇನ್ನಷ್ಟು ಶ್ರೀಮಂತನಾದ! 1913ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಶುರುವಾಯಿತು. ಮರುವರ್ಷವೇ, ಆ ಕುಟುಂಬದ ಹಿಡಿತದಲ್ಲಿದ್ದ ಕೊಲರಾಡೋದ ಗಣಿ ಕಂಪನಿಯ ವಿರುದ್ಧ ಮುಷ್ಕರ ಹೂಡಿದ್ದವರ ಡೇರೆಗಳಿಗೆ ಲಡ್ಲೋದಲ್ಲಿ ಬೆಂಕಿ ಬಿತ್ತು. ಡೇರೆಯಡಿಯ ಗುಂಡಿಯಲ್ಲಿ ಅಡಗಿದ್ದ 2 ಹೆಂಗಸರು, 11 ಮಕ್ಕಳು ಉಸಿರುಗಟ್ಟಿ ಸತ್ತರು.

ಅವನು ತೀರಿಕೊಂಡದ್ದು 1937ರಲ್ಲಿ, 97ನೇ ವಯಸ್ಸಿನಲ್ಲಿ. ಅವನ ದುಡ್ಡು ನಮ್ಮ ಮಲೆನಾಡಿನ ತನಕವೂ ಬಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹತ್ತಿದಾಗ, ಮಂಗನ ಕಾಯಿಲೆಯ ವೈರಸ್ ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಅದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ ಶುರು ಮಾಡಿದ್ದು ಇದೇ ಫೌಂಡೇಶನ್.