ದನಿ ಉಳಿಸಿಕೊಂಡು ಸದ್ದು ತಗ್ಗಿಸಿದ ಕಥೆ

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತದೆ ನಮ್ಮ ಗಾದೆ. ಆದರೆ ರಾಕ್ ಗಿಟಾರಿನ ದನಿ ಹುಟ್ಟಿದ್ದೇ ತುಂಬಿ ತುಳುಕಿದ ಕೊಡದಿಂದ. ವಾಲ್ವ್ ಆಂಪ್ಲಿಫೈಯರಿಗೆ ಅದು ತಾಳುವುದಕ್ಕಿಂತ ಹೆಚ್ಚಿನ ಸಂಕೇತ ಕೊಟ್ಟರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಮೂಲ ಸ್ವರದಲ್ಲಿಲ್ಲದ ಮೇಲಿನ ಸ್ವರಾಂಶಗಳು ಬಂದು ಸೇರುತ್ತವೆ. ಎಂಜಿನಿಯರರು ದೋಷವೆಂದು ಕರೆದದ್ದನ್ನು ಗಿಟಾರ್ ವಾದಕರು ತಮ್ಮ ದನಿ ಎಂದು ಅಪ್ಪಿಕೊಂಡರು. ಈ ದನಿಗೆ ತೆತ್ತ ಬೆಲೆ ಮತ್ತು ಅದನ್ನು ಇಳಿಸಲು ನಡೆದ ಪ್ರಯತ್ನ ನನಗೆ ಸಂಗೀತದಷ್ಟೇ ಕುತೂಹಲ ಹುಟ್ಟಿಸುತ್ತವೆ.

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಡ್ರಮ್ ಶಿಕ್ಷಕ ಜಿಮ್ ಮಾರ್ಷಲ್ 1962ರಲ್ಲಿ, ಅಮೆರಿಕದ ಫೆಂಡರ್ ಬಾಸ್‌ಮನ್ ಮಾದರಿಯನ್ನು ಅನುಸರಿಸಿ, ತಮ್ಮ ಮೊದಲ ಆಂಪ್ಲಿಫೈಯರನ್ನು ಹೊರತಂದರು. ದೊಡ್ಡ ಸಭಾಂಗಣಗಳಿಗೆ ಅದರ ಸದ್ದು ಸಾಲದು ಎಂದವರಲ್ಲಿ 'ದ ಹೂ' ತಂಡದ ಪೀಟ್ ಟೌನ್‌ಶೆಂಡ್ ಒಬ್ಬರು. 1965ರ ಹೊತ್ತಿಗೆ 100 ವಾಟ್‌ಗಳ ಯಂತ್ರ ಬಂತು. ಮರುವರ್ಷ ಜಾನ್ ಮೇಯಲ್ ತಂಡದ ಧ್ವನಿಮುದ್ರಣದಲ್ಲಿ ಎರಿಕ್ ಕ್ಲಾಪ್ಟನ್ ಸ್ಟುಡಿಯೋದೊಳಗೂ ವೇದಿಕೆಯಷ್ಟೇ ಜೋರಾಗಿ ನುಡಿಸಿದರು. 1976ರಲ್ಲಿ ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ 'ದ ಹೂ' ಕಛೇರಿಯ ಸದ್ದು 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಅದೇ ಟೌನ್‌ಶೆಂಡ್ ಮುಂದೆ ತಮ್ಮ ಕಿವಿ ಮಂದವಾದದ್ದನ್ನೂ, ಒಳಗೆ ನಿಲ್ಲದ ಮೊರೆತವನ್ನೂ ಬಹಿರಂಗವಾಗಿ ಹೇಳಿಕೊಂಡರು.

ಸದ್ದು ಇಳಿಸಲು ಗುಂಡಿ ತಿರುಗಿಸಿದರೆ ಸಾಲದೇ ಎಂದು ಕೇಳಬಹುದು. ಮಾಮೂಲಿ ಗುಂಡಿ ಸಂಕೇತವನ್ನೇ ಕುಗ್ಗಿಸುತ್ತದೆ. ಕೊಡ ತುಳುಕುವುದೇ ಇಲ್ಲ. 1970ರ ದಶಕದಲ್ಲಿ ಬಳಕೆಗೆ ಬಂದ ಮಾಸ್ಟರ್ ವಾಲ್ಯೂಮ್ ಮೊದಲ ಹಂತದ ವಾಲ್ವ್‌ಗಳನ್ನು ದಣಿಸಿತೇ ಹೊರತು ಕೊನೆಯ ಶಕ್ತಿವಾಲ್ವ್‌ಗಳನ್ನು ಸುಮ್ಮನೆ ಕೂರಿಸಿತು. 'ಬೋಸ್ಟನ್' ತಂಡದ ಟಾಮ್ ಶೋಲ್ಜ್ ಎಂಜಿನಿಯರರೂ ಹೌದು. ಅವರ 'ಪವರ್ ಸೋಕ್' ಸ್ಪೀಕರಿಗೆ ಹೋಗುವ ಶಕ್ತಿಯ ಬಹುಪಾಲನ್ನು ಶಾಖವಾಗಿಸಿ ಹೊರಬಿಟ್ಟಿತು. ಎಡ್ಡಿ ವ್ಯಾನ್ ಹ್ಯಾಲನ್ ಗೋಡೆಯಿಂದ ಬರುವ ವಿದ್ಯುತ್ತಿನ ವೋಲ್ಟೇಜನ್ನೇ ತಗ್ಗಿಸಿದರು. ಆದರೆ ಹಾಗೆ ಮಾಡಿದರೆ ವಾಲ್ವ್‌ನೊಳಗಿನ ಕಾಯುವ ತಂತಿಯೂ ಮಂಕಾಗುತ್ತದೆ.

ಕೆನಡಾದ ಕೆವಿನ್ ಒ'ಕಾನರ್ 'ಪವರ್ ಸ್ಕೇಲಿಂಗ್' ಎಂಬ ಹೆಸರಿನಲ್ಲಿ ಪ್ರಚುರಪಡಿಸಿದ ಉಪಾಯ ಇಲ್ಲಿ ಜಾಣತನದ್ದು. ಕಾಯುವ ತಂತಿಯನ್ನು ಮುಟ್ಟದೆ, ಶಕ್ತಿವಾಲ್ವ್‌ನ ಪ್ಲೇಟಿಗೆ ಹೋಗುವ ವೋಲ್ಟೇಜನ್ನು ತಗ್ಗಿಸುವುದು. ಅಂದರೆ ಕೊಡವನ್ನೇ ಚಿಕ್ಕದು ಮಾಡುವುದು. ವೋಲ್ಟೇಜ್ ಅರ್ಧವಾದರೆ ಶಕ್ತಿ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ವಾಲ್ವ್‌ನ ಬಯಾಸ್ ಕೂಡ ಅದೇ ಪ್ರಮಾಣದಲ್ಲಿ ಇಳಿಯಬೇಕು, ಇಲ್ಲದಿದ್ದರೆ ದನಿ ಕೆಡುತ್ತದೆ. ಈ ಕಾವಲಿಗೆ ನಿಂತಿರುವುದು ಒಂದು ಟ್ರಾನ್ಸಿಸ್ಟರ್! ನಮ್ಮ ಮನೆಗಳ ವಾಲ್ವ್ ರೇಡಿಯೋಗಳನ್ನು ಅಟ್ಟಕ್ಕೇರಿಸಿದ್ದು ಅದೇ ಕುಲ. ಇದನ್ನು ಅಳವಡಿಸುವವರು ಒಂದು ಮಾತು ಮರೆಯಬಾರದು: ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ 400 ವೋಲ್ಟ್‌ಗೂ ಮೀರಿದ ವಿದ್ಯುತ್ತು ಉಳಿದಿರಬಹುದು. ಅದು ಜೀವ ತೆಗೆಯಬಲ್ಲದು.

ಆದರೂ ಲೆಕ್ಕ ಪೂರ್ತಿ ಚುಕ್ತವಾಗುವುದಿಲ್ಲ. 100 ವಾಟ್ 10ಕ್ಕೆ ಇಳಿದರೆ ಕಿವಿಗೆ ಸದ್ದು ಅರ್ಧವಾದಂತಷ್ಟೇ ಕೇಳುತ್ತದೆ. ಮನೆಯಲ್ಲಿ ನುಡಿಸಲು 1 ವಾಟಿಗೂ ಕೆಳಗೆ ಇಳಿಯಬೇಕು. ಅಷ್ಟು ಇಳಿದಾಗ ಮಂದ್ರ ಸ್ವರಗಳು ಕಿವಿಗೆ ಸೊರಗಿದಂತೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ವಾದಕ ಇಷ್ಟು ನಷ್ಟ ಒಪ್ಪಿಕೊಳ್ಳಬೇಕು. ನನ್ನ ಮಟ್ಟಿಗೆ ಇದು ಅಗ್ಗದ ವ್ಯಾಪಾರ. ಗುಂಡಿ ತಿರುಗಿಸಿದರೆ ಮಂದ್ರ ಮರಳಿ ಬರುತ್ತದೆ, ಒಳಗಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಚಿಗುರುವುದಿಲ್ಲ.