ಮೇಷ್ಟರ ಆಮೆ ಕಾರು

ಕಳೆದ ತಿಂಗಳು ಅಮೆರಿಕದಿಂದ ದೂರವಾಣಿ ಮಾಡಿದ ಹಳೆಯ ಶಿಷ್ಯನೊಬ್ಬ, ಕುಶಲೋಪರಿಯೆಲ್ಲ ಮುಗಿದ ಮೇಲೆ, "ಸಾರ್, ನಿಮ್ಮ ಆಮೆ ಕಾರು ಇನ್ನೂ ಇದೆಯಾ?" ಎಂದು ಕೇಳಿದ. ಇದೆ. ಬಂಗಾರಪೇಟೆಯ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿದೆ. ಭಾನುವಾರ ಬೆಳಗ್ಗೆ ರಸ್ತೆಗೂ ಇಳಿಯುತ್ತದೆ. ಆದರೆ ಅದು ಉಳಿದುಬಂದಿರುವುದಕ್ಕೆ ನನ್ನ ಶ್ರದ್ಧೆಯೇ ಕಾರಣವೆಂದು ನೀವು ತಿಳಿಯಬಾರದು. ಕಾರಣ ಚಿನ್ನದ ಗಣಿ. ಅದನ್ನು ಬರೆದಿಡಬೇಕೆನಿಸಿತು.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕೋಲಾರದ ಗಣಿಗಳ ಆಡಳಿತಕ್ಕೆ ಕೈಹಾಕಿದ್ದು 1880ರಲ್ಲಿ. ನಮ್ಮೂರು ಆಗ ಬೌರಿಂಗ್‌ಪೇಟೆ. ಇಲ್ಲಿಂದ ಮಾರಿಕುಪ್ಪಮ್ಮಿಗೆ ರೈಲು ಬಂದದ್ದು 1894ರಲ್ಲಿ. ಶಿವನಸಮುದ್ರದಿಂದ ವಿದ್ಯುತ್ತು ಬಂದದ್ದು 1902ರಲ್ಲಿ. ಇಂಗ್ಲಿಷ್ ಅಧಿಕಾರಿಗಳ ಹಿಂದೆಯೇ ಅವರ ಮೋಟಾರುಗಳೂ ಬಂದವು. ನಾನು ಹುಡುಗನಾಗಿದ್ದಾಗ ಊರಿಗಾಂ ಕಡೆಯ ಬಂಗಲೆಗಳ ಮುಂದೆ ಆಸ್ಟಿನ್, ಹಿಲ್‌ಮನ್, ವಾಕ್ಸಾಲ್ ಕಾರುಗಳು ನಿಂತಿರುತ್ತಿದ್ದುವು. ಆವರಣದ ಬೇಲಿಗೆ ಮೂಗು ಒತ್ತಿ ಅವುಗಳ ಹೆಸರನ್ನು ಅಕ್ಷರ ಕೂಡಿಸಿ ಓದಿದ್ದೇ ನನ್ನ ಮೊದಲ ಇಂಗ್ಲಿಷ್ ಪಾಠ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಪಡಿಸಿಕೊಂಡಿತು. ಸಾಹೇಬರು ಹೋದರು, ಕೆಲವು ಕಾರುಗಳು ಉಳಿದವು. 1973ರ ಅರಬ್ ಯುದ್ಧದ ತರುವಾಯ ಪೆಟ್ರೋಲಿನ ಬೆಲೆ ಏರಿದಾಗ ಇದ್ದವರಿಗೂ ಕಾರು ಭಾರವಾಯಿತು. ಮರುವರ್ಷ ಆಸ್ಟ್ರೇಲಿಯಕ್ಕೆ ಹೊರಟಿದ್ದ ಆಂಗ್ಲೋ-ಇಂಡಿಯನ್ ಕುಟುಂಬವೊಂದರಿಂದ ನಾನು 1952ರ ಮಾರಿಸ್ ಮೈನರನ್ನು ಕೊಂಡೆ. ಕೊಟ್ಟದ್ದು ನನ್ನ ಎಂಟು ತಿಂಗಳ ಸಂಬಳ. ಮನೆಯಾಕೆ ಒಂದು ವಾರ ಮಾತನಾಡಲಿಲ್ಲ.

ಮೈನರ್ ಲೋಕಕ್ಕೆ ಬಂದದ್ದು 1948ರಲ್ಲಿ. ರೂಪಿಸಿದವರು ಅಲೆಕ್ ಇಸಿಗೋನಿಸ್. ಅದನ್ನೇ ಹಿಂದುಸ್ತಾನ್ ಮೋಟಾರ್ಸ್‌ನವರು 'ಬೇಬಿ ಹಿಂದುಸ್ತಾನ್' ಎಂದು ಮಾರಿದ್ದುಂಟು. ನನ್ನದು ಹಡಗಿನಲ್ಲಿ ಬಂದ ಮೂಲ ಮಾರಿಸ್ಸೇ. ಮೂತಿಯ ಬಿಲ್ಲೆಯಲ್ಲಿ ನೀರು ದಾಟುವ ಎತ್ತು ಈಗಲೂ ಇದೆ. 918 ಸಿಸಿಯ ಎಂಜಿನ್, ಸುಮಾರು ಇಪ್ಪತ್ತೇಳು ಕುದುರೆಗಳ ಶಕ್ತಿ. ಆವನಿ ಬೆಟ್ಟದ ಕಡೆಗೆ ನಾಲ್ವರನ್ನು ಕೂರಿಸಿಕೊಂಡು ಹೊರಟರೆ ಆ ಕುದುರೆಗಳಲ್ಲಿ ಅರ್ಧ ಮಲಗಿಬಿಡುತ್ತವೆ. ಆದರೂ ಹೇಳುತ್ತೇನೆ: ಅಂಬಾಸಡರ್ ನಂಬಿಕೆಯ ಗಾಡಿ, ಆದರೆ ನಡೆಸುವವನೊಡನೆ ಮಾತನಾಡದು. ಫಿಯಟ್ 1100 ಚುರುಕು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಜಟಕಾದಂತೆ ನಿಂತಲ್ಲೇ ತಿರುಗುತ್ತಿತ್ತು, ನಮ್ಮ ರಸ್ತೆಗಳಿಗೆ ಮಾತ್ರ ತಾಳಲಿಲ್ಲ. ಮೈನರಿನ ಸ್ಟಿಯರಿಂಗ್ ಹಿಡಿದರೆ ಚಕ್ರದಡಿಯ ಹರಳುಕಲ್ಲು ಕೂಡ ಅಂಗೈಗೆ ತಿಳಿಯುತ್ತದೆ. ಬ್ರೇಕು ಮಾತ್ರ ನಿಧಾನ. ಆದ್ದರಿಂದ ಮುಂದಿನ ಗಾಡಿಯಿಂದ ದೂರವಿರುವುದನ್ನು ಅದು ಚಾಲಕನಿಗೆ ಕಲಿಸುತ್ತದೆ. ತಿರುವು ಸೂಚಿಸಲು ಪಕ್ಕದಿಂದ ರೈಲ್ವೆ ಕೈಕಂಬದಂಥ ಪುಟ್ಟ ಕೈಯೊಂದು ಏಳುತ್ತದೆ. ಶಾಲೆಯ ಹುಡುಗರು ಅದನ್ನು ನೋಡಲೆಂದೇ ಗೇಟಿನ ಬಳಿ ಕಾಯುತ್ತಿದ್ದಿರಿ, ಮರೆತಿಲ್ಲ.

ಕಷ್ಟವಿದ್ದದ್ದು ಬಿಡಿಭಾಗಗಳಲ್ಲಿ. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಇಲ್ಲೇ ಭಾಗಗಳನ್ನು ತಯಾರಿಸುವ ಯೋಜನೆಯಿಲ್ಲದ ಕಂಪನಿಗಳು ಕಾರು ಜೋಡಿಸುವುದನ್ನು ನಿಲ್ಲಿಸಬೇಕಾಯಿತು. ಫೋರ್ಡ್, ಜನರಲ್ ಮೋಟಾರ್ಸ್ ಮರಳಿ ಹೋದವು. ದೇಶದ ಹಿತಕ್ಕೆ ಅದು ಸರಿಯಾದ ನೀತಿಯೇ ಎಂದು ತರಗತಿಯಲ್ಲಿ ಪಾಠ ಹೇಳಿದವನು ನಾನೇ. ಮನೆಗೆ ಬಂದು ಮುರಿದ ಬುಷ್ಷನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದವನೂ ನಾನೇ.

ಇಂಥ ಹೊತ್ತಿನಲ್ಲಿ ಕೈಹಿಡಿದದ್ದು ಗಣಿಯ ಫಿಟ್ಟರುಗಳು. ಚಾಂಪಿಯನ್ ರೀಫಿನಲ್ಲಿ ಮೂರು ಸಾವಿರ ಮೀಟರಿಗೂ ಆಳಕ್ಕೆ ಮನುಷ್ಯರನ್ನು ಇಳಿಸಿ ಏರಿಸುವ ವೈಂಡಿಂಗ್ ಯಂತ್ರ, ನೀರೆತ್ತುವ ಪಂಪು, ಗಾಳಿಯ ಕಂಪ್ರೆಸರು, ಇವುಗಳನ್ನು ಸುಸ್ಥಿತಿಯಲ್ಲಿಡುತ್ತಿದ್ದವರಿಗೆ ಕಾರಿನ ಬುಷ್ಷು ಯಾವ ಲೆಕ್ಕ! ಬ್ರಿಟಿಷ್ ಯಂತ್ರಗಳ ವಿಟ್‌ವರ್ತ್ ಮರೆಗಳು ಅವರಿಗೆ ಬಾಯಿಪಾಠ. ನನ್ನ ಫಿಟ್ಟರು ಪಾಳಿ ಮುಗಿಸಿ ರಾಬರ್ಟ್‌ಸನ್ ಪೇಟೆಯಲ್ಲಿ ಬಂಧುವೊಬ್ಬರ ಲೇತಿನ ಮುಂದೆ ನಿಲ್ಲುತ್ತಿದ್ದರು. ತಮಿಳರು, ನನ್ನನ್ನು 'ವಾತ್ಯಾರೇ' ಎಂದೇ ಕರೆಯುತ್ತಿದ್ದರು. 1983ರಲ್ಲಿ ಬೂದಿಕೋಟೆ ರಸ್ತೆಯಲ್ಲಿ ನನ್ನ ಕಾರಿನ ಮುಂದಿನ ಎಡಚಕ್ರ ಇದ್ದಕ್ಕಿದ್ದಂತೆ ಒಳಗೆ ಮಡಚಿ ಮಲಗಿತು. ಮೈನರಿನ ಚಕ್ರವನ್ನು ಹಿಡಿದಿರುವ ಕೆಳಗಿನ ಟ್ರನಿಯನ್ನಿಗೆ ಸಾವಿರ ಮೈಲಿಗೊಮ್ಮೆಯಾದರೂ ಗ್ರೀಸು ಹೋಗಬೇಕು; ಇಲ್ಲವಾದರೆ ಒಳಗಿನ ಮರೆ ಸವೆದು ಕಳಚುತ್ತದೆ. ಪರೀಕ್ಷೆಯ ಕೆಲಸದಲ್ಲಿ ನಾನು ಆರು ತಿಂಗಳು ಮರೆತಿದ್ದೆ. ವೇಗ ಕಡಮೆಯಿದ್ದುದರಿಂದ ಹಿಂದೆ ಕುಳಿತಿದ್ದ ಮಕ್ಕಳಿಬ್ಬರೂ ಉಳಿದರು.

ಅವರು ಭಾಗವನ್ನು ಬೆಳಕಿಗೆ ಹಿಡಿದು, "ಗ್ರೀಸು ಹಾಕೋಕೆ ಪುರುಸೊತ್ತಿಲ್ಲದವರಿಗೆ ಕಾರು ಯಾಕೆ ವಾತ್ಯಾರೇ?" ಎಂದರು. ಅಷ್ಟೊಂದು ಕಟುವಾಗಿ ಇನ್ಯಾರೂ ನನ್ನನ್ನು ಗದರಿದ್ದಿಲ್ಲ. ನಾಲ್ಕು ಸಂಜೆ ಕುಳಿತು ಹೊಸದನ್ನು ಕಡೆದುಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಅವರ ಮಗಳಿಗೆ ಆ ವರ್ಷ ನಾನು ಗಣಿತ ಹೇಳಿಕೊಟ್ಟೆ.

2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲು ದೇಶದಲ್ಲಿ ನಿಂತಿತು. ಹಳೆಯ ಎಂಜಿನ್ನುಗಳ ವಾಲ್ವ್ ಕೂರುವ ಜಾಗ ಸೀಸದ ರಕ್ಷಣೆಯಿಲ್ಲದೆ ಸವೆಯುತ್ತದೆಂದು ಅವರೇ ಎಚ್ಚರಿಸಿ, ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸಿದರು. ಅವರು ಮಾಡಿದ ದೊಡ್ಡ ಕೆಲಸಗಳಲ್ಲಿ ಅದೇ ಕಡೆಯದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬೆಳಗಿನ ರೈಲುಗಳು ಬೆಂಗಳೂರಿಗೆ ಕೆಲಸ ಹುಡುಕಿ ಹೋಗುವವರಿಂದ ತುಂಬಿದವು. ಲೇತು ತೂಕದ ಲೆಕ್ಕದಲ್ಲಿ ಮಾರಾಟವಾಯಿತು. ಅವರು ಮಗನ ಮನೆಗೆಂದು ಹೊಸೂರಿಗೆ ಹೋಗುವ ಮುನ್ನ ಎರಡು ಜೊತೆ ಟ್ರನಿಯನ್ನುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಈಗ ನನ್ನ ಮಗ ಕಾರನ್ನು ಬೆಂಗಳೂರಿನ ಸಂಗ್ರಾಹಕರಿಗೆ ಕೊಟ್ಟುಬಿಡಿ ಎನ್ನುತ್ತಾನೆ. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದ ಕಾರಣಗಳಿಗಲ್ಲದೆ ನಿತ್ಯ ಓಡಿಸುವಂತಿಲ್ಲ. ಗೌರವವೇನೋ ದೊಡ್ಡದು. ಆದರೆ ನಿಂತ ಕಾರು ಬೇಗ ಕೆಡುತ್ತದೆ. ಪೆಟ್ರೋಲಿನಲ್ಲೀಗ ಶೇಕಡ 20ರಷ್ಟು ಎಥೆನಾಲ್ ಇದೆ. ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಪೈಪುಗಳನ್ನೆಲ್ಲ ಬದಲಾಯಿಸಿದ್ದೇನೆ. ಟ್ಯಾಂಕಿನಲ್ಲಿ ಅದು ತಿಂಗಳುಗಟ್ಟಲೆ ನಿಲ್ಲದಂತೆ ಓಡಿಸುತ್ತಿರುವುದೇ ಮೇಲೆಂದು ನನ್ನ ಅನುಭವ. ಎಂಬತ್ತರ ಹೊಸ್ತಿಲಲ್ಲಿರುವ ನಾನು ಇನ್ನೆಷ್ಟು ದಿನ ಓಡಿಸಬಲ್ಲೆ ಎಂಬುದು ಬೇರೆ ಪ್ರಶ್ನೆ; ಮಗ ಕೇಳುತ್ತಿರುವುದೂ ಅದನ್ನೇ ಇರಬಹುದು.

ಎರಡು ಜೊತೆಗಳಲ್ಲಿ ಒಂದು 2012ರಲ್ಲಿ ಕಾರಿಗೆ ಸೇರಿತು. ಇನ್ನೊಂದು ಎಣ್ಣೆ ಕಾಗದದಲ್ಲೇ ಇದೆ. ಇಲ್ಲಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಶಿಷ್ಯನ ಮಗನೊಬ್ಬ ಮೊನ್ನೆ ವರ್ನಿಯರ್ ತಂದು ಅದರ ಅಳತೆಗಳನ್ನೆಲ್ಲ ಬರೆದುಕೊಂಡಿದ್ದಾನೆ. ನಿಮ್ಮಲ್ಲಿ ಹೊಸೂರು, ಪೀಣ್ಯದ ಕಡೆ ಕಾರ್ಖಾನೆಗಳಲ್ಲಿರುವವರು ಯಾರಾದರೂ ಆ ಮರೆ ಕತ್ತರಿಸಬಲ್ಲ ಲೇತಿನವರನ್ನು ಬಲ್ಲಿರಾದರೆ ದಯವಿಟ್ಟು ತಿಳಿಸಿ. ಹುಡುಗನನ್ನೇ ಅಳತೆಯೊಡನೆ ಕಳುಹಿಸುತ್ತೇನೆ.